ಎರಡನೆಯ ತಾಟು

ನಮ್ಮ ಹಿಸಾಬ್ ಮಾಸ್ತರ್ರು ತೀರಿಕೊಂಡ ಸುದ್ದಿಯನ್ನು ತಂದವನು ಅಫಜಲಪುರದ ಒಬ್ಬ ಕಾಳಿನ ವ್ಯಾಪಾರಿ. ಆಳಂದದ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು, ತಂಬಿಗೆ ನೀರು ಕುಡಿದು, ಟೊಪ್ಪಿಗೆಯಿಂದ ಮುಖ ಒರೆಸಿಕೊಂಡು, "ನಿಮ್ಮ ದೋಸ್ತ ರೊಟ್ಟಿ ಮಾಸ್ತರು ಹೋದ್ರಲ್ಲರಿ," ಎಂದ. ಏನಾಗಿತ್ತು ಎಂದು ಕೇಳಿದೆ. "ಏನೂ ಇಲ್ಲರಿ. ಮಧ್ಯಾಹ್ನ ಉಂಡು ಅಡ್ಡಾಗಿದ್ರಂತ. ಏಳಲಿಲ್ಲ."

ಒಳಗಿನಿಂದ ನನ್ನ ಹೆಂಡತಿ, "ಉಂಡಿದ್ರಲ್ಲ, ಅಷ್ಟ ಸಾಕು," ಎಂದಳು. ಅವರನ್ನು ಬಲ್ಲವರಿಗೆ ಈ ಮಾತು ತಿಳಿಯುತ್ತದೆ. ಉಳಿದವರಿಗೆ ನಾನು ಹೇಳಬೇಕು.

ನಿಜಾಮರ ಕಾಲ. ಅಫಜಲಪುರದ ಸರಕಾರಿ ಮದರಸಾದಲ್ಲಿ ನಾವಿಬ್ಬರೂ ಮಾಸ್ತರರು. ಅವರದು ಹಿಸಾಬು, ಲೆಕ್ಕ. ನನ್ನದು ಕನ್ನಡ, ಅಂದರೆ ಉಳಿದದ್ದೆಲ್ಲ ಉರ್ದುವಿನಲ್ಲಿ ಮುಗಿದು ಹುಡುಗರು ತೂಕಡಿಸುವ ಹೊತ್ತಿಗೆ ಬರುವ ವಿಷಯ. ಅವರು ಎತ್ತರದ ಬಡಕಲು ಆಳು. ಕನ್ನಡಕವನ್ನು ಸದಾ ಹಣೆಗೇರಿಸಿಕೊಂಡು, ಅದನ್ನೇ ಮೇಜಿನ ಮೇಲೆಲ್ಲ ಹುಡುಕುವರು. ಕರಿ ಶೇರವಾನಿಯ ತೋಳಿನ ತುದಿಯಲ್ಲಿ ಯಾವಾಗಲೂ ಬಿಳಿ ಪುಡಿ ಇರುತ್ತಿತ್ತು. ಅದು ಸೀಮೆಸುಣ್ಣವೋ ಜೋಳದ ಹಿಟ್ಟೋ ಎಂದು ನಾವು ಚೇಷ್ಟೆ ಮಾಡಿದರೆ, ಒಂದು ಬೆರಳಿನಿಂದ ಮುಟ್ಟಿ ನಾಲಿಗೆಗೆ ಹಚ್ಚಿಕೊಂಡು ನೋಡಿ, "ಹಿಟ್ಟೇ ಅದರಿ," ಎಂದು ಗಂಭೀರವಾಗಿ ಹೇಳುವರು. ಹುಡುಗರು ಬೆನ್ನ ಹಿಂದೆ ರೊಟ್ಟಿ ಮಾಸ್ತರು ಎನ್ನುತ್ತಿದ್ದರು. ಅದು ಅವರಿಗೆ ಗೊತ್ತಿತ್ತು, ಬೇಜಾರೂ ಇರಲಿಲ್ಲ. "ಲೆಕ್ಕ ತಪ್ಪಿದರ ಒರಸಿ ಮತ್ತ ಬರೀಬಹುದರಿ. ಹಂಚಿನ ಮ್ಯಾಲಿನ ರೊಟ್ಟಿ ತಪ್ಪಿದರ ಒರಸಾಕ ಬರ್ತದೇನು? ಅದಕ ರೊಟ್ಟಿ ಮಾಸ್ತರ ಅಂದ್ರ ದೊಡ್ಡ ಮಾಸ್ತರ," ಎನ್ನುವರು.

ಗಂಡಸು ಒಲೆಯ ಮುಂದೆ ಕೂರುವುದು ಆಗ ನಗೆಗೇಡಿನ ಮಾತು. ಅವರು ಕೂರುತ್ತಿದ್ದುದು ಸಂಕಟಕ್ಕಲ್ಲ, ಸಂತೋಷಕ್ಕೆ. ಸಂತೆಯಲ್ಲಿ ಬದನೆಕಾಯಿಯನ್ನು ಒಂದೊಂದೇ ಎತ್ತಿ, ತೊಟ್ಟು ನೋಡಿ, ಕಿವಿಯ ಹತ್ತಿರ ಹಿಡಿದು ಬೆರಳಿನಿಂದ ತಟ್ಟುವರು. ಮಾರುವ ಮುದುಕಿ, "ಏನ್ ಹೇಳ್ತದರಿ ಅದು?" ಎಂದು ಕೇಳಿದರೆ, "ಎಣಗಾಯಿ ಮಾಡು ಅಂತದವ್ವ," ಎನ್ನುವರು. ಪುಂಡಿಪಲ್ಯಕ್ಕೆ ಬೆಳ್ಳುಳ್ಳಿಯ ಒಗ್ಗರಣೆ ಹಾಕಿದ ದಿನ ಶೇರವಾನಿಗೂ ಅದರ ವಾಸನೆ ಹಿಡಿದಿರುತ್ತಿತ್ತು, ವರ್ಗದಲ್ಲಿ ಹುಡುಗರ ಬಾಯಲ್ಲಿ ನೀರು.

ಆದರೆ ಮೊದಲು ಅವರು ಹೀಗಿರಲಿಲ್ಲ. ಮೊದಲು ಅಡಿಗೆ ಮಾಡುತ್ತಿದ್ದವರು ಅವರ ಹೆಂಡತಿ. ಅವರ ಹಳೆಯ ಅಡಿಗೆಮನೆಗೆ ಕಿಟಕಿಯೇ ಇರಲಿಲ್ಲ. ಗೋಡೆ, ತೊಲೆ, ಗಡಿಗೆ ಎಲ್ಲ ಮಸಿ. ಹಗಲಲ್ಲೂ ಚಿಮಣಿ ದೀಪ ಹಚ್ಚಬೇಕು. ಆ ಹೊಗೆಯಲ್ಲಿ ಆಕೆಯ ಕಣ್ಣು ಕೆಂಡವಾಗಿರುತ್ತಿದ್ದವು. "ನಾ ಮಾಡಿದ ಅಡಗಿ ಹೆಂಗ ಕಾಣಸ್ತದ ಅಂತ ನನಗೇ ಗೊತ್ತಿಲ್ಲ. ಕತ್ತಲಾಗ ಮಾಡ್ತೇನಿ, ಕತ್ತಲಾಗ ಬಡಸ್ತೇನಿ," ಎಂದು ಆಕೆ ಗಂಡನನ್ನು ಹಂಗಿಸುತ್ತಿದ್ದರಂತೆ. ಒಂದು ಶ್ರಾವಣದಲ್ಲಿ ಆಕೆ ಪಂಚಮಿಗೆಂದು ಯಡ್ರಾಮಿಯ ತವರಿಗೆ ಹೊರಟರು. ತಿರುಗಿ ಬರುವಷ್ಟರಲ್ಲಿ ಬೆಳಕಿನ ಅಡಿಗೆಮನೆ ಕಟ್ಟಿಸಿರುತ್ತೇನೆ ಎಂದು ಮಾಸ್ತರ್ರು ಮಾತು ಕೊಟ್ಟರು. ಆಕೆ ಘತ್ತರಗಿಯಲ್ಲಿ ಭಾಗ್ಯವಂತಿಗೆ ಕಾಯಿ ಒಡೆಸಿ ಹರಗೋಲು ಹತ್ತಿದರು. ಭೀಮೆ ತುಂಬಿ ಹರಿಯುತ್ತಿತ್ತು. ನಡುಹೊಳೆಯಲ್ಲಿ ಹರಗೋಲು ಮಗುಚಿತು. ಉಳಿದವರೆಲ್ಲ ಸಿಕ್ಕರು, ಕೆಲವರು ಜೀವಂತ, ಕೆಲವರು ಹೆಣವಾಗಿ. ಆಕೆ ಮಾತ್ರ ಸಿಗಲಿಲ್ಲ.

ಸಿಗಲಿಲ್ಲ ಎಂದರೆ ಸತ್ತಳು ಎಂದು ಊರು ತಿಳಿದುಕೊಂಡಿತು. ಸಿಗಲಿಲ್ಲ ಎಂದರೆ ಸಿಗಲಿಲ್ಲ, ಅಷ್ಟೇ ಎಂದು ಮಾಸ್ತರ್ರು ತಿಳಿದುಕೊಂಡರು. ಹೊಳೆಯಿಂದ ಬಂದವರೇ ಗೌಂಡಿಯನ್ನು ಕರೆಸಿ ಅಡಿಗೆಮನೆ ಕಟ್ಟಿಸಿ, ಆಕೆ ಮಾಡುತ್ತಿದ್ದ ಅಡಿಗೆಗಳನ್ನೇ ತಾವು ಮಾಡತೊಡಗಿದರು.

ಅದನ್ನು ನೋಡಲು ಜನ ಬರುತ್ತಿದ್ದರು. ನೆಲಕ್ಕೆ ಶಹಾಬಾದಿನ ಫರಸಿಕಲ್ಲು, ಗೋಡೆಗೆ ಹಾಲಿನಂಥ ಸುಣ್ಣ, ಪೂರ್ವಕ್ಕೆ ದೊಡ್ಡ ಕಿಟಕಿ, ಮಾಳಿಗೆಯಲ್ಲಿ ಗಾಜು ಕೂರಿಸಿದ ಬೆಳಕಿಂಡಿ. ನಡುಮಧ್ಯಾಹ್ನ ಬಿಸಿಲಿನ ಒಂದು ಚೌಕ ನೇರವಾಗಿ ಊಟಕ್ಕೆ ಕೂರುವ ಜಾಗದಲ್ಲಿ ಬೀಳುತ್ತಿತ್ತು. ಸೊಲ್ಲಾಪುರದ ಒಬ್ಬ ಫೋಟೋದವನು ಅಂಗಡಿ ಮುಚ್ಚುವಾಗ ಇವರಿಗೆ ತನ್ನ ಹಳೆಯ ಕ್ಯಾಮೆರಾ ಕೊಟ್ಟಿದ್ದ. ನಿಲ್ಲಿಸಲು ಮೂರು ಕಾಲಿನ ಕುದುರೆ, ಗಾಜಿನ ಪ್ಲೇಟು, ತಲೆಯ ಮೇಲೆ ಕರಿ ಬಟ್ಟೆ ಎಲ್ಲ ಇದ್ದ ದೊಡ್ಡ ಸಾಮಾನು. ಮಾಡಿದ ಅಡಿಗೆಯನ್ನು ಅದರಲ್ಲಿ ಹಿಡಿಯುವುದು ಅವರ ಹುಚ್ಚು. ಪ್ಲೇಟು ತೊಳೆಯಲು ಕತ್ತಲೆ ಬೇಕಲ್ಲ, ಅದಕ್ಕೆ ಆ ಕಿಟಕಿಯಿಲ್ಲದ ಹಳೆಯ ಅಡಿಗೆಮನೆಯೇ ಆಯಿತು. ಹೆಂಡತಿ ಹೊಗೆಯಲ್ಲಿ ಕಣ್ಣು ಸುಟ್ಟುಕೊಂಡ ಜಾಗದಲ್ಲಿ ಇವರು ಕೆಂಪು ಕಾಗದ ಸುತ್ತಿದ ಕಂದೀಲು ಇಟ್ಟುಕೊಂಡು ರೊಟ್ಟಿಯ ಚಿತ್ರ ತೊಳೆಯುತ್ತಿದ್ದರು.

"ಯಾಕ್ರಿ ಇದೆಲ್ಲ? ಉಂಡರ ಮುಗೀತು," ಎಂದೆ ಒಮ್ಮೆ.

"ಉಂಡರ ಮುಗೀತದ, ಅದಕ್ಕೇರಿ. ಅಕಿ ಬಂದ ಮ್ಯಾಲ ತೋರಸಬೇಕಲ್ಲ, ಬೆಳಕಿನಾಗ ಅಕಿ ಅಡಗಿ ಹೆಂಗ ಕಾಣಸ್ತದ ಅಂತ."

ಒಂದು ಶುಕ್ರವಾರ ಮದರಸಾಕ್ಕೆ ರಜೆ, ನನ್ನನ್ನು ಊಟಕ್ಕೆ ಕರೆದರು. ವೈಶಾಖದ ಬಿಸಿಲು, ಓಣಿಯಲ್ಲಿ ನಾಯಿಯೂ ಇರಲಿಲ್ಲ. ಒಳಗೆ ಹೋದರೆ ಮೂರು ಮಣೆ, ಮೂರು ತಾಟು. ಬಿಸಿ ರೊಟ್ಟಿ, ಎಣಗಾಯಿ, ಹಸಿ ಉಳ್ಳಾಗಡ್ಡಿ, ಶೇಂಗಾ ಹಿಂಡಿ, ಮೇಲೆ ಕೆನೆಮೊಸರು. ಮೂರನೆಯವರು ಯಾರು ಎಂದು ನಾನು ಕೇಳುವ ಮೊದಲೇ ನನ್ನನ್ನು ಬದಿಗೆ ನಿಲ್ಲಿಸಿ ಕರಿ ಬಟ್ಟೆಯೊಳಗೆ ತಲೆ ಹಾಕಿದರು. "ಉಸಿರ ಬಿಡಬ್ಯಾಡ್ರಿ. ಆವಿ ಅಳ್ಳಾಡ್ತದ."

ನಾನು ಉಸಿರು ಹಿಡಿದೆ. ಎರಡು ತಾಟುಗಳ ಆವಿ ನೆಟ್ಟಗೆ ಏಳುತ್ತಿತ್ತು. ನಡುವಿನ ತಾಟಿನದು ಮಾತ್ರ ಮೆಲ್ಲಗೆ ಒಂದು ಪಕ್ಕಕ್ಕೆ ವಾಲಿತು. ಯಾರೋ ಬಗ್ಗಿದರೆ ಹೇಗೆ ಸರಿಯುತ್ತದೋ ಹಾಗೆ ಸರಿಯಿತು. ಕಿಟಕಿ ಮುಚ್ಚಿತ್ತು, ಹೊರಗೆ ಒಂದು ಎಲೆಯೂ ಅಲುಗುತ್ತಿರಲಿಲ್ಲ. ಆ ಮೌನದಲ್ಲಿ, ಚಿಲಕ ಹಾಕಿದ ಹಳೆಯ ಅಡಿಗೆಮನೆಯ ಕಡೆಯಿಂದ ಹಿಟ್ಟು ತಟ್ಟುವಾಗ ಬಳೆ ಆಡುವ ಸದ್ದು ಕೇಳಿಸಿತು. ನನ್ನ ಕೈಯ ಕೂದಲು ಎದ್ದು ನಿಂತವು.

ಮಾಸ್ತರ್ರು ಬಟ್ಟೆಯೊಳಗಿಂದಲೇ, "ಇವತ್ತ ಲಗೂನೇ ಬಂದಾಳ," ಎಂದರು. ಹೆಂಡತಿ ಸಂತೆಯಿಂದ ಬೇಗ ಬಂದಳು ಎನ್ನುವ ದನಿಯಲ್ಲೇ ಅಂದರು.

ಓಡಿಹೋಗಬೇಕೆನ್ನಿಸಿತು. ಹೆದರಿಕೆ ಒಂದು ಕಡೆ, ಎಣಗಾಯಿ ಒಂದು ಕಡೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ಎಣಗಾಯಿ ಗೆದ್ದಿತು. ಅಂಥ ಎಣಗಾಯಿಯನ್ನು ನಾನು ಅದರ ಮುಂಚೆಯೂ ಉಂಡಿಲ್ಲ, ಆಮೇಲೂ ಉಂಡಿಲ್ಲ. ನಾವು ಉಣ್ಣುವಾಗ ನಡುವಿನ ತಾಟು ಹಾಗೇ ಇತ್ತು. ಅದನ್ನು ಏನು ಮಾಡುತ್ತೀರಿ ಎಂದು ಕೇಳಿದೆ. "ಸಂಜೀಕ ನಾನೇ ಉಣ್ತೇನಿ. ಊರ ಹೆಂಡರೆಲ್ಲ ಗಂಡನ ತಾಟಿನಾಗ ಉಣ್ತಾರ, ನಾ ಹೆಂಡತಿ ತಾಟಿನಾಗ ಉಂಡರ ತಪ್ಪೇನು?" ಎಂದು ನಕ್ಕರು.

ಕೆಲವು ದಿನ ಬಿಟ್ಟು ಆ ಫೋಟೋ ತೋರಿಸಿದರು. ನಡುವಿನ ತಾಟಿನ ರೊಟ್ಟಿಯ ಅಂಚು ಒಂದು ತುತ್ತಿನಷ್ಟು ಮುರಿದಿತ್ತು. ನಾನು ಕಣ್ಣಾರೆ ಇಡೀ ರೊಟ್ಟಿ ನೋಡಿದ್ದೆ. ಆದರೂ ಧೈರ್ಯ ತಂದುಕೊಂಡು, "ಇಲಿ ಇರಬೇಕು," ಎಂದೆ.

"ಇಲಿ ರೊಟ್ಟಿ ಮುರದು, ಎಣಗಾಯಿ ಹಚ್ಚಿಕೊಂಡು ತಿಂತದೇನ್ರಿ?" ಎಂದು ಬೆರಳಿಟ್ಟು ತೋರಿಸಿದರು. ಎಣಗಾಯಿಯ ರಸದಲ್ಲಿ ತುತ್ತು ಒರೆಸಿದ ಗುರುತಿತ್ತು.

ಮನೆಯಲ್ಲಿ ಇದನ್ನು ಹೇಳಿ ತಪ್ಪು ಮಾಡಿದೆ. ನನ್ನ ಹೆಂಡತಿ ಎರಡೂ ಕೈಯಿಂದ ಕೆನ್ನೆ ಬಡಿದುಕೊಂಡಳು. ನಮ್ಮ ಕಡೆ ಬಡಿಸಿದ ತಾಟಿನ ಮುಂದೆ ಉಣ್ಣುವವರು ಕೂತಿರಬೇಕು. ಯಾರೂ ಕೂರದ ತಾಟು ಅಂದರೆ ಎಡೆ, ಅದು ಸತ್ತವರದು. "ಇದ್ದಾಕಿ ಅಂತ ಬಾಯಿಲೆ ಅಂತಾರ, ಕೈಲೆ ದಿನಾ ಎಡಿ ಇಡಾಕತ್ತಾರ. ಕರದರ ಬರದ ಇರ್ತಾರೇನ್ರಿ ಸತ್ತವರು? ನೀವು ಇನ್ನ ಆ ಮನಿಗಿ ಹೋಗಬ್ಯಾಡ್ರಿ," ಎಂದಳು. ನಮ್ಮ ಮನೆಯ ಮಾತು ಊರಿನ ಮಾತಾಗಲು ಎಷ್ಟು ಹೊತ್ತು? ನೀರು ತರುವವಳು ಅವರ ಹೊಸ್ತಿಲ ಹೊರಗೇ ಕೊಡ ಇಳಿಸಿ ಹೋಗತೊಡಗಿದಳು. ಬಸುರಿಯರು ಆ ಓಣಿ ಬಿಟ್ಟು ಸುತ್ತು ಹಾಕಿ ಹೋಗತೊಡಗಿದರು.

ಮಾಸ್ತರ್ರು ಯಾವುದನ್ನೂ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಅವರಿಗೆ ಬೇಕಾದದ್ದು ಒಂದೇ. ಆಕೆ ಸತ್ತಳು ಎಂದು ಯಾರೂ ಅನ್ನಬಾರದು. ಆಕೆಯ ಹೆಸರಿನಲ್ಲಿ ಹೊಳೆಗೆ ಎಡೆ ಇಡಿ ಎಂದು ಹೇಳಲು ಬಂದ ಹಿರಿಯರಿಗೆ ಹುಳಿಬಾನ ಬಡಿಸಿ, ರುಚಿ ಹೇಗಿದೆ ಎಂದು ಕೇಳಿ, ವಿಷಯ ಮರೆಸಿ ಕಳಿಸುತ್ತಿದ್ದರು. "ಇದ್ದಾಕಿಗಿ ಎಡಿ ಇಟ್ಟರ ಕೊಂದಂಗ ಆಗ್ತದರಿ," ಎಂದು ನನ್ನೊಬ್ಬನ ಮುಂದೆ ಹೇಳಿದ್ದರು. ನನಗೆ ಅವರ ಮೇಲೆ ಬಂದ ಕರುಣೆಯಲ್ಲಿ ಭಯ ಮರೆತೇ ಹೋಯಿತು.

ಕೊನೆಗೆ ಯಡ್ರಾಮಿಯಿಂದ ಮಾಸ್ತರ್ರ ಅತ್ತೆಯೇ ಬಂದರು, ಮಗನನ್ನು ಕರೆದುಕೊಂಡು. ಅದೂ ಶುಕ್ರವಾರವೇ. ಸಾಕ್ಷಿಗಿರಲಿ ಎಂದು ಮಾಸ್ತರ್ರು ನನಗೆ ಹೇಳಿ ಕಳಿಸಿದ್ದರು, ನಾನು ಹೆಂಡತಿಗೆ ಹೇಳದೆ ಹೋದೆ. ಅತ್ತೆ ಗಟ್ಟಿ ಮುದುಕಿ, ಮಾತು ಕಡಿಮೆ. ಅಡಿಗೆಮನೆಯ ಬಾಗಿಲಲ್ಲಿ ನಿಂತು ಬೆಳಕಿಂಡಿಯನ್ನು ನೋಡಿ, ಸುಣ್ಣದ ಗೋಡೆಯನ್ನು ಅಂಗೈಯಿಂದ ಸವರಿದರು. ಮಾತಾಡಿದವನು ಮಗ.

"ಮಾವ, ಅಕ್ಕ ನನ್ನ ಕನಸಿನಾಗ ಬರ್ತಾಳ. ತೊಯ್ದ ಸೀರಿ ಹಿಂಡಿಕೋತ ನಿಂದರತಾಳ, ಎಷ್ಟು ಹಿಂಡಿದರೂ ನೀರು ಬರ್ತದ. ಇಲ್ಲೂ ಇಲ್ಲ, ಅಲ್ಲೂ ಇಲ್ಲ. ಒಂದು ಎಡಿ ಇಟ್ಟು ಅಕೀನ ಕಳಸಿಕೊಡ್ರಿ. ಕೈ ಮುಗೀತೀನಿ."

ಮಾಸ್ತರ್ರು ಎಲ್ಲರಿಗೂ ತಾಟು ಹಾಕಿದರು, ನಡುವೆ ಆಕೆಯದನ್ನೂ ಹಾಕಿದರು. ಆಮೇಲೆ ಆ ತಾಟನ್ನು ಎರಡೂ ಕೈಯಿಂದ ಎತ್ತಿ ಅತ್ತೆಯ ಮುಂದೆ ಇಟ್ಟರು.

"ಅತ್ತಿ, ಅಕೀನ ಹಡದಾಕಿ ನೀವು. ಇದು ಎಡಿ ಇದ್ದರ ನೀವು ಮುಟ್ಟಾಂಗಿಲ್ಲ. ಇದ್ದಾಕಿ ತಾಟು ಇದ್ದರ ಉಣ್ರಿ. ನೀವು ಹೆಂಗ ಮಾಡ್ತೀರಿ ಹಂಗ."

ನಮ್ಮಲ್ಲಿ ಹಿರಿಯರ ಎಡೆಯನ್ನು ಮನೆಮಂದಿಯೆಲ್ಲ ಹಂಚಿಕೊಂಡು ಉಣ್ಣುತ್ತಾರೆ. ಮಕ್ಕಳ ಎಡೆಯನ್ನು ಮಾತ್ರ ಹೆತ್ತವಳು ಮುಟ್ಟುವುದಿಲ್ಲ. ಮುಟ್ಟಿದ ತಾಯಿಗೆ ಕೊನೆಗಾಲದಲ್ಲಿ ಗುಟುಕು ನೀರೂ ಗಂಟಲಲ್ಲಿ ಇಳಿಯುವುದಿಲ್ಲ ಎನ್ನುತ್ತಾರೆ. ಮುದುಕಿಗೆ ಇದು ಗೊತ್ತಿರದೆ ಇರುತ್ತದೆಯೆ? ಮಗ ತಾಯಿಯ ಮುಖ ನೋಡುತ್ತ ಕೂತ. ಇನ್ನೇನು ತಾಟು ದೂರ ಸರಿಸುತ್ತಾರೆ, ಇದು ಇವತ್ತಿಗೆ ಮುಗಿಯುತ್ತದೆ ಎಂದು ನಾನೂ ತಿಳಿದೆ.

ಅತ್ತೆ ತಾಟನ್ನು ಬಹಳ ಹೊತ್ತು ನೋಡಿದರು. ಬಿಸಿಲಿನ ಚೌಕ ರೊಟ್ಟಿಯ ಮೇಲಿಂದ ಅವರ ಮೊಣಕಾಲಿನ ಮೇಲೆ ಸರಿಯಿತು. ಆಮೇಲೆ ಕೈ ತೊಳೆದು, ರೊಟ್ಟಿ ಮುರಿದು, ಪಲ್ಯ ಹಚ್ಚಿ ಬಾಯಿಗಿಟ್ಟುಕೊಂಡರು. ಅವಸರವಿಲ್ಲದೆ ಒಂದೊಂದೇ ತುತ್ತು ಉಂಡರು. ಕೊನೆಗೆ ತಾಟಿನಲ್ಲಿ ನೀರು ಹಾಕಿ ಅದನ್ನೂ ಕುಡಿದರು. ಮಗ ತಾಟು ಬಿಟ್ಟೆದ್ದು ಹೊರಗೆ ಹೋಗಿಬಿಟ್ಟ. ಮಾಸ್ತರ್ರು ಮಿಕಿಮಿಕಿ ನೋಡುತ್ತ ನಿಂತಿದ್ದರು. ಕರಿ ಬಟ್ಟೆ ಅವರ ಹೆಗಲ ಮೇಲೇ ಇತ್ತು, ಆವತ್ತು ಫೋಟೋ ತೆಗೆಯುವುದನ್ನೇ ಮರೆತಿದ್ದರು. ಅವರ ಕಣ್ಣಲ್ಲಿ ನೀರು ಬಂದದ್ದು ಸಂತೋಷಕ್ಕೆ ಎಂದು ನಾನು ತಿಳಿದೆ.

ಬಂಡಿಯ ತನಕ ಮುದುಕಿಯನ್ನು ಕಳಿಸಲು ನಾನು ಹೋದೆ. ಮಗ ಎತ್ತು ಹೂಡುತ್ತಿದ್ದ. ಅವರು ನನ್ನನ್ನು ಬೇವಿನ ಗಿಡದ ಹತ್ತಿರ ಕರೆದು ಸಣ್ಣ ದನಿಯಲ್ಲಿ ಹೇಳಿದರು:

"ಅಕಿ ಹೋಗ್ಯಾಳರಿ ಮಾಸ್ತರ್ರ. ನನಗ ಆ ದಿವಸಾನೇ ಗೊತ್ತದ. ಮಧ್ಯಾಹ್ನದಾಗ ನಾ ಪಂಚಮಿ ಉಂಡಿ ಕಟ್ಟಾಕತ್ತಿದ್ದೆ. ಹಿಂದ ಬಂದು ನಿಂತು, 'ಯವ್ವಾ, ಹಸಿವ್ಯಾಗ್ಯಾದ,' ಅಂದ್ಲು. ತಿರುಗಿ ನೋಡಿದೆ. ಯಾರೂ ಇದ್ದಿಲ್ಲ. ನೆಲ ಎಲ್ಲ ತೊಯ್ದಿತ್ತು."

"ಮತ್ತ ಯಾಕ ಉಂಡ್ರಿ?" ಎಂದೆ.

"ನಾ ಬ್ಯಾಡ ಅಂದಿದ್ದರ ಅವರು ಇವತ್ತೇ ಒಲಿ ಆರಸತಿದ್ದರು. ಒಲಿ ಆರಿದ ಮ್ಯಾಲ ಆ ಮನಷ್ಯಾ ಉಳೀತಾರೇನು? ಮಗಳಂತೂ ಹೋದ್ಲು, ಅಳಿಯನಾರ ಇರಲಿ. ಪಾಪ ಬಂದರ ನನಗ ಬರಲಿ. ನನ್ನ ಜೀವ ಇರೂತನಕ ಬಾಯಿ ಬಿಡಬ್ಯಾಡ್ರಿ," ಎಂದು ನನ್ನ ಕೈಯನ್ನು ತಮ್ಮ ತಲೆಯ ಮೇಲೆ ಇರಿಸಿಕೊಂಡರು. ಆ ತಲೆ ಬಿಸಿಲಿಗೂ ತಣ್ಣಗಿತ್ತು.

ನಾನು ಬಾಯಿ ಬಿಡಲಿಲ್ಲ. ಮುಂದೆ ನನಗೆ ಆಳಂದಕ್ಕೆ ಬದಲಿಯಾಯಿತು. ಮಾಸ್ತರ್ರ ಸುದ್ದಿ ಆಗಾಗ ಬರುತ್ತಿತ್ತು. ಇನ್ನೂ ಎರಡು ತಾಟು ಹಾಕುತ್ತಾರಂತೆ, ಇನ್ನೂ ಫೋಟೋ ತೆಗೆಯುತ್ತಾರಂತೆ ಎಂದು ಬಂದವರು ನಗುವರು. ಮುದುಕಿ ತಮ್ಮ ಅಳಿಯನನ್ನು ಉಳಿಸಿಕೊಂಡರು ಎಂದು ನಾನು ಒಳಗೊಳಗೇ ಸಮಾಧಾನ ಪಡುತ್ತಿದ್ದೆ.

ಹೋದ ವರ್ಷ ಅವರು ಸೊಲ್ಲಾಪುರಕ್ಕೆ ಹೋಗಿ ತಿರುಗಿ ಬರುವಾಗ ನಮ್ಮಲ್ಲಿ ಇಳಿದರು. ಕೂದಲೆಲ್ಲ ಬೆಳ್ಳಗಾಗಿತ್ತು. ತೋಳಿನ ತುದಿ ನೋಡಿದೆ, ಹಿಟ್ಟಿರಲಿಲ್ಲ. ನನ್ನ ಹೆಂಡತಿ ಹಳೆಯ ಭಯವೆಲ್ಲ ಮರೆತು ಸಜ್ಜೆ ರೊಟ್ಟಿ, ಜುಣಕ ಮಾಡಿ ಬಡಿಸಿದಳು. ತಾಟನ್ನು ಮೊದಲಿನಂತೆ ಬೆಳಕಿನ ಕಡೆ ತಿರುಗಿಸಿ ನೋಡದೆ, ಹಾಗೇ ಉಣ್ಣತೊಡಗಿದರು.

"ಕ್ಯಾಮೆರಾ ಎಲ್ಲಿ ಮಾಸ್ತರ್ರ?"

"ಸೊಲ್ಲಾಪುರದಾಗ ಕೊಟ್ಟು ಬಂದೆ. ಅತ್ತಿ ತೀರಿಕೊಂಡ್ರು, ಇನ್ನ ಯಾರಿಗಿ ತೋರಸೂದು?" ಎಂದರು. ಇನ್ನೊಂದು ತುತ್ತು ಮುರಿಯುತ್ತ, "ಕಡೀಕಡೀಕ ಗುಟುಕು ನೀರೂ ಇಳೀಲಿಲ್ಲರಿ ಅವರಿಗಿ," ಎಂದರು.

ನನ್ನ ಹೆಂಡತಿಯ ಕೈಯಲ್ಲಿದ್ದ ಸೌಟು ತಾಟಿಗೆ ಬಡಿಯಿತು. ಅವರು ತಲೆ ತಗ್ಗಿಸಿಕೊಂಡೇ ಹೇಳಿದರು.

"ನಿಮಗ ಹೇಳಿಲ್ಲ. ಅತ್ತಿ ನಮ್ಮ ಮನಿಗಿ ಬರೂ ಹಿಂದಿನ ದಿವಸ ನಾ ಒಬ್ಬನೇ ಘತ್ತರಗಿಗಿ ಹೋಗಿದ್ದೆ. ಹೊಳಿಗಿ ಎಡಿ ಇಟ್ಟು, ಅಕೀ ಹೆಸರ ತಗೊಂಡು, 'ಹೋಗವ್ವ, ಇನ್ನ ಸಾಕು, ಹೋಗು,' ಅಂದು ಬಂದೆ. ಇದ್ದಾಕಿ ಅಂತ ಎಷ್ಟು ದಿವಸ ಅನ್ನಲಿ? ನನಗೂ ಗೊತ್ತಾಗಿತ್ತು. ಆದರ ಬಾಯಿ ಬಿಟ್ಟು ಹೇಳಾಕ ಆಗಲಿಲ್ಲ. ಅತ್ತಿ ತಾಟು ಸರಸತಾರ, ಅವರು ಸರಸಿದರ ಎಲ್ಲಾರೂ ಕೂಡಿ ಅತ್ತು ಮುಗಸೋಣ ಅಂತ ಅವರ ಮುಂದ ಇಟ್ಟೆ. ಅವರು ಉಂಡುಬಿಟ್ಟರು. ಮಗಳು ಇದ್ದಾಳಂತ ನಂಬಿ ಕುಂತ ತಾಯಿಗಿ ನಾ ಹೆಂಗ ಹೇಳಲಿ? ಅವತ್ತಿನಿಂದ ಅವರ ಸಲುವಾಗಿ ಎರಡು ತಾಟು ಹಾಕಿದೆ. ಪ್ರತಿ ಪಂಚಮಿಗಿ ಫೋಟೋ ಒಯ್ದು ತೋರಸತಿದ್ದೆ. 'ಪುಂಡಿಪಲ್ಯ ಚಲೋ ಮಾಡೀರಿ, ಅಕಿಗಿ ಸೇರ್ತದ,' ಅಂತಿದ್ದರು."

ಮುದುಕಿ ಹೋದ ಮೇಲೆ ಆಣೆಯೂ ಹೋಯಿತು. ಬೇವಿನ ಗಿಡದ ಕೆಳಗೆ ಕೇಳಿದ್ದನ್ನೆಲ್ಲ ಹೇಳಿದೆ. ಹೇಳಬಾರದಿತ್ತೋ ಏನೋ, ಆದರೆ ಅಷ್ಟು ವರ್ಷ ಹೊತ್ತ ನನಗೂ ಸಾಕಾಗಿತ್ತು. ಅವರು ಕೈಯಲ್ಲಿದ್ದ ತುತ್ತನ್ನು ತಾಟಿನಲ್ಲಿ ಬಿಟ್ಟರು. ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡರು. ಅಳುತ್ತಾರೆ ಎಂದುಕೊಂಡೆ, ಅಳಲಿಲ್ಲ.

"ಹಂಗಾದ್ರ ಗೊತ್ತಿದ್ದೇ ಉಂಡರು, ಯವ್ವಾ," ಎಂದರು ಯಾರಿಗೋ.

"ನೀವು ಒಳ್ಳೇದಕ್ಕ ಮಾಡೀರಿ, ಅವರೂ ಒಳ್ಳೇದಕ್ಕ ಮಾಡ್ಯಾರ. ಬಿಡ್ರಿ, ಅಣ್ಣಾರ," ಎಂದಳು ನನ್ನ ಹೆಂಡತಿ.

"ಅದಲ್ಲರಿ ತಂಗಿ." ಅವರು ಕಣ್ಣು ತೆರೆದು ನಮ್ಮಿಬ್ಬರನ್ನೂ ನೋಡಿದರು. "ಅಕಿ ಹೋದ ಮ್ಯಾಲ ಮಂದಿ ನನಗ ಒಬ್ಬನೇ ಅಂತಿದ್ದರು. ನಾ ಒಬ್ಬನೇ ಇದ್ದಿಲ್ಲ, ಅಕಿ ಮನ್ಯಾಗೇ ಇದ್ಲು. ಅವತ್ತ ಹೊಳೀಗಿ ಎಡಿ ಇಟ್ಟು ತಿರುಗಿ ಬಂದೆ, ಕದ ತೆಗದೆ. ಮನಿ ಖಾಲಿ ಇತ್ತು."